ಠಕ್ಕನ ಹೇಳಿಕೆ, ನಾಯಕನ ಮೌನ: ಮೆಡೋಸ್ ಟೇಲರನ ಕಾದಂಬರಿ ಮತ್ತು ಕನ್ನಡ ನಾಡು

೧

ರಜೆಯ ದಿನಗಳಲ್ಲಿ ಕಾಲಕ್ಷೇಪಕ್ಕಾಗಿ ಓದುವ ಕಾದಂಬರಿಗಳನ್ನು ಚರಿತ್ರೆಯ ಸಾಮಗ್ರಿಯೆಂದು ಎಣಿಸುವ ರೂಢಿ ಕನ್ನಡ ವಿದ್ವಾಂಸರಲ್ಲಿ ಹೆಚ್ಚಾಗಿ ಬೆಳೆದಿಲ್ಲ. ಸೇನೆಯ ಅಧಿಕಾರಿಯೊಬ್ಬನು ಅಪರಾಧದ ಜಾಡು ಹಿಡಿದು ಹೊರಡುತ್ತಾನೆ. ಅಧ್ಯಾಯಕ್ಕೊಂದು ಅಪಾಯ ಎದುರಾಗುತ್ತದೆ. ಕಟ್ಟಕಡೆಯ ಪುಟಗಳಲ್ಲಿ ಗುಟ್ಟು ರಟ್ಟಾಗುತ್ತದೆ. ರೈಲಿನಿಂದ ಇಳಿಯುವ ಹೊತ್ತಿಗೆ ಓದುಗನು ಕಥೆಯನ್ನು ಅರ್ಧ ಮರೆತಿರುತ್ತಾನೆ. ೧೯೯೭ರಲ್ಲಿ ಲೀ ಚೈಲ್ಡ್ ಎಂಬ ಆಂಗ್ಲ ಲೇಖಕನು ಸೃಷ್ಟಿಸಿದ ಜ್ಯಾಕ್ ರೀಚರ್ ಎಂಬ ಮಾಜಿ ಸೈನಿಕ ಪೊಲೀಸ್ ಅಧಿಕಾರಿಯ ಕಥೆಗಳು ಈ ವರ್ಗದ ಇತ್ತೀಚಿನ ಪ್ರಸಿದ್ಧ ನಿದರ್ಶನ. ಕನ್ನಡದಲ್ಲಿಯೂ ೧೯೫೦ರ ದಶಕದಿಂದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನು ಸಾವಿರಾರು ಜನರಿಗೆ ಓದುವ ಚಟವನ್ನು ಹತ್ತಿಸಿದನು. ಇಂಥ ಬರಹಗಳ ಸಾಹಿತ್ಯಗುಣವನ್ನು ಕುರಿತು ಬೇಕಾದಷ್ಟು ವಾದ ನಡೆದಿದೆ. ಅವು ಎಲ್ಲಿಂದ ಬಂದವು ಎಂಬ ವಿಚಾರ ಅಷ್ಟಾಗಿ ನಡೆದಿಲ್ಲ.

ಸೈನ್ಯಾಧಿಕಾರಿಯೇ ತನಿಖೆಗಾರನಾಗಿ ಅಪರಾಧಿಯ ಎದುರಿಗೆ ಕುಳಿತುಕೊಳ್ಳುವ ಕಾದಂಬರಿಗಳ ಪೈಕಿ ಬಹು ಹಿಂದಿನದೊಂದು ಲಂಡನ್ನಿನಲ್ಲಿ ೧೮೩೯ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಅದರ ಹೆಸರು ‘ಕನ್‌ಫೆಷನ್ಸ್ ಆಫ್ ಎ ಥಗ್’, ಎಂದರೆ ಒಬ್ಬ ಠಕ್ಕನ ತಪ್ಪೊಪ್ಪಿಗೆ. ಪತ್ತೇದಾರಿ ಕಥೆಯ ಆದಿಪುರುಷನೆಂದು ಹೆಸರಾದ ಎಡ್ಗರ್ ಅಲನ್ ಪೋನ ಮೊದಲ ಪತ್ತೇದಾರಿ ಕಥೆ ಹೊರಬಿದ್ದುದು ಇದಾದ ಎರಡು ವರ್ಷಗಳ ಮೇಲೆ, ೧೮೪೧ರಲ್ಲಿ. ಠಕ್ಕನ ಕಥೆಯನ್ನು ಬರೆದವನು ಕಂಪನಿಯ ನೇರ ಸೇವೆಯಲ್ಲಿದ್ದವನಲ್ಲ, ಹೈದರಾಬಾದಿನ ನಿಜಾಮನ ಸೇನೆಯ ಅಧಿಕಾರಿ. ಹೆಸರು ಫಿಲಿಪ್ ಮೆಡೋಸ್ ಟೇಲರ್. ಇದೇ ಮನುಷ್ಯನು ೧೮೪೧ರಿಂದ ೧೮೫೩ರವರೆಗೆ ಕನ್ನಡ ನಾಡಿನ ಸುರಪುರ ಸಂಸ್ಥಾನದ ಆಡಳಿತವನ್ನು ನಡೆಸಿದನು. ಆದುದರಿಂದ ಈ ಹಳೆಯ ರಜೆಯೋದಿನ ಪುಸ್ತಕವು ಕನ್ನಡಿಗರ ಚರಿತ್ರೆಗೆ, ವಿಶೇಷವಾಗಿ ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರಿಗೆ, ಹೊರಗಿನ ವಿಷಯವಲ್ಲ.

೨

ಟೇಲರನು ಹುಟ್ಟಿದ್ದು ೧೮೦೮ರಲ್ಲಿ, ಲಿವರ್‌ಪೂಲಿನಲ್ಲಿ. ಹದಿನೈದು ವರ್ಷದ ಬಾಲಕನಾಗಿ ಮುಂಬಯಿಯ ಒಂದು ವ್ಯಾಪಾರಸಂಸ್ಥೆಯಲ್ಲಿ ಕೆಲಸಕ್ಕೆಂದು ಬಂದನು. ಆ ಸಂಸ್ಥೆಯ ಸ್ಥಿತಿ ಕೆಟ್ಟಿದ್ದುದರಿಂದ ೧೮೨೪ರಲ್ಲಿ ಬಂಧುವೊಬ್ಬನ ನೆರವಿನಿಂದ ನಿಜಾಮನ ಸೇನೆಯನ್ನು ಸೇರಿದನು. ದೇಶೀಯ ಭಾಷೆಗಳನ್ನು ಬೇಗನೆ ಕಲಿತನು. ಹೈದರಾಬಾದಿನ ಹೆಸರಾಂತ ಸಾಹುಕಾರ ವಿಲಿಯಂ ಪಾಮರನ ಮಗಳನ್ನು ಮದುವೆಯಾದನು. ಪಾಮರನ ತಾಯಿ ಭಾರತೀಯ ಮುಸ್ಲಿಂ ಮನೆತನದವಳು. ಆದಕಾರಣ ಈ ಸಂಬಂಧವು ಟೇಲರನನ್ನು ದಂಡಿನ ಬಂಗಲೆಗಳಾಚೆಯ ಹೈದರಾಬಾದಿಗೂ ಹತ್ತಿರಕ್ಕೆ ತಂದಿತು.

ಇಪ್ಪತ್ತು ದಾಟುವ ಮೊದಲೇ ಸಂಸ್ಥಾನದ ನೈಋತ್ಯ ಭಾಗದ ಜಿಲ್ಲೆಗಳಲ್ಲಿ ಪೊಲೀಸು ವ್ಯವಸ್ಥೆಯನ್ನು ನೋಡಿಕೊಳ್ಳುವ ಕೆಲಸ ಆತನ ಪಾಲಿಗೆ ಬಂದಿತು. ದಾರಿಯ ಪಕ್ಕದಲ್ಲಿ ಹೆಣಗಳು ಸಿಕ್ಕುತ್ತಿದ್ದುವು. ಸತ್ತವರು ಯಾರೆಂಬುದು ಸುತ್ತಲ ಹಳ್ಳಿಗಳಿಗೆ ತಿಳಿಯದು. ಕೊಂದವರ ಸುಳಿವಂತೂ ಇಲ್ಲ. ಈ ಗಂಟನ್ನು ಬಿಡಿಸುವ ಮೊದಲೇ ಆತನನ್ನು ರೆಜಿಮೆಂಟಿಗೆ ಹಿಂದಕ್ಕೆ ಕರೆಸಿಕೊಂಡರು. ಹಾಗೆ ಕರೆಸದೆ ಇದ್ದಿದ್ದರೆ ಠಕ್ಕರ ಗುಟ್ಟನ್ನು ಮೊದಲು ಹೊರಗೆಡಹಿದ ಕೀರ್ತಿ ತನ್ನದಾಗುತ್ತಿತ್ತೆಂದು ಆತನು ಮುಪ್ಪಿನಲ್ಲಿ ಬರೆದ ಆತ್ಮಕಥೆಯಲ್ಲಿ ಹಳಹಳಿಸಿದ್ದಾನೆ. ಆ ಕೀರ್ತಿ ಬಂಗಾಳ ಸೇನೆಯ ಅಧಿಕಾರಿ ವಿಲಿಯಂ ಸ್ಲೀಮನ್ನನಿಗೆ ಹೋಯಿತು. ಜಬಲಪುರದ ಕಡೆಯಲ್ಲಿ ಠಕ್ಕರನ್ನು ಹಿಡಿದು ಅವರ ಹೇಳಿಕೆಗಳನ್ನು ಬರೆಸಿಕೊಂಡ ಸ್ಲೀಮನ್ನನು ೧೮೩೬ರಲ್ಲಿ ‘ರಾಮಸೀಯಾನ’ ಎಂಬ ಗ್ರಂಥದಲ್ಲಿ ಅವರ ಗುಪ್ತಭಾಷೆಯ ಶಬ್ದಕೋಶವನ್ನೇ ಪ್ರಕಟಿಸಿದನು. ಮುಂದೆ ಹೈದರಾಬಾದು ಸೀಮೆಯಲ್ಲಿಯೂ ತನಿಖೆ ಹಬ್ಬಿದಾಗ ಟೇಲರನು ಠಕ್ಕರ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸಕ್ಕೆ ತಾನಾಗಿ ಮುಂದೆ ಬಂದನು. ಕಾದಂಬರಿಯ ಸಾಮಗ್ರಿ ಆತನಿಗೆ ದೊರೆತದ್ದು ಈ ಕಡತಗಳಿಂದ.

ಠಕ್ಕರ ವಿಚಾರ ಕನ್ನಡ ನಾಡಿಗೆ ಹೊಸತಾಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಅನಂತರ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು ನೂರು ಮಂದಿಯನ್ನು ಇಂಥವರೆಂದು ಹಿಡಿದರೆಂದು ಇಂಗ್ಲಿಷ್ ಬರಹಗಳು ಹೇಳುತ್ತವೆ. ೧೮೧೬ರಲ್ಲಿ ಮದರಾಸಿನ ವೈದ್ಯ ಷರ್ವುಡ್ಡನು ಬರೆದ ಪ್ರಬಂಧದಲ್ಲಿ ದಕ್ಷಿಣದವರು ಇವರನ್ನು ಏನೆಂದು ಕರೆಯುತ್ತಿದ್ದರೆಂಬ ಪಟ್ಟಿಯಿದೆ. ಫಾಸಿಗಾರರು ಎಂಬುದು ಸಾಮಾನ್ಯ ಹೆಸರು. ಕನ್ನಡದಲ್ಲಿ ಇವರು ‘ತಂತಿಕಳ್ಳರು’. ಲೋಹದ ತಂತಿಯನ್ನೋ ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿಯನ್ನೋ ಕುಣಿಕೆಯಾಗಿ ಹಾಕಿ ಕೊಲ್ಲುವವರೆಂದು ಅದರ ಅರ್ಥ. ಕನ್ನಡದ ಹೆಸರು ಕೊಲ್ಲುವ ವಿಧಾನವನ್ನು ಮಾತ್ರ ಹೇಳುತ್ತದೆ. ಅವರ ಜಾತಿ, ಮತ, ಗುಪ್ತಪಂಥಗಳ ಮಾತನ್ನು ಎತ್ತುವುದಿಲ್ಲ. ಭವಾನಿಯ ಆಜ್ಞೆಯಂತೆ ನಡೆಯುವ, ದೇಶವ್ಯಾಪಿಯಾದ, ತಲೆತಲಾಂತರದ ಪಂಥ ಎಂಬ ಚಿತ್ರವು ಪ್ರಬಲವಾದುದು ೧೮೩೦ರ ಈಚೆಗೆ, ತನಿಖೆಗಾರರ ಕಾಗದಗಳಲ್ಲಿ.

೩

ಆ ತನಿಖೆಯ ಪದ್ಧತಿಯನ್ನು ತಿಳಿಯದೆ ಟೇಲರನ ಕಾದಂಬರಿಯ ಕಟ್ಟು ಅರ್ಥವಾಗುವುದಿಲ್ಲ. ಕೊಲೆಗೆ ಬಲಿಯಾದವರು ದೂರದೇಶದ ದಾರಿಹೋಕರು. ಕಣ್ಣಾರೆ ಕಂಡವರು ಕೊಂದವರಲ್ಲದೆ ಮತ್ತಾರೂ ಇಲ್ಲ. ಆದಕಾರಣ ಸಿಕ್ಕಿಬಿದ್ದ ಠಕ್ಕರಲ್ಲಿಯೇ ಕೆಲವರನ್ನು ಮಾಫಿ ಸಾಕ್ಷಿಗಳನ್ನಾಗಿ ಮಾಡಿ, ಅವರ ಜೀವವನ್ನು ಉಳಿಸಿ, ಆ ಬೆಲೆಗೆ ಉಳಿದವರ ಹೆಸರುಗಳನ್ನು ಪಡೆಯಲಾಯಿತು. ಮಾಫಿ ಸಾಕ್ಷಿಯು ಎಲ್ಲವನ್ನೂ ಹೇಳಬೇಕು. ಒಂದನ್ನು ಮರೆಮಾಚಿದನೆಂದು ತಿಳಿದರೆ ಹಳೆಯ ಶಿಕ್ಷೆ ಮತ್ತೆ ತಲೆಯ ಮೇಲೆ ಬರುವುದು. ೧೮೩೬ರ ೩೦ನೆಯ ಕಾಯಿದೆಯ ಪ್ರಕಾರ ಇಂಥ ಕೊಲೆ ಇಂಥವನಿಂದ ಆಯಿತೆಂದು ರುಜುವಾತಾಗಬೇಕಾದ್ದೇ ಇಲ್ಲ. ಠಕ್ಕರ ತಂಡವೊಂದಕ್ಕೆ ಸೇರಿದವನೆಂದು ಸಿದ್ಧವಾದರೆ ಸಾಕು, ಜೀವಾವಧಿ ಶಿಕ್ಷೆ. ಮಾರನೆಯ ವರ್ಷದ ೧೯ನೆಯ ಕಾಯಿದೆಯು, ಶಿಕ್ಷೆಗೆ ಗುರಿಯಾದವನೆಂಬ ಕಾರಣಕ್ಕೆ ಯಾರ ಸಾಕ್ಷ್ಯವನ್ನೂ ತಳ್ಳಿಹಾಕಕೂಡದೆಂದು ವಿಧಿಸಿತು. ೧೮೩೧ರಿಂದ ೧೮೩೭ರವರೆಗೆ ಹಿಡಿದವರ ಸಂಖ್ಯೆ ೩,೨೬೬. ಅವರಲ್ಲಿ ಗಲ್ಲಿಗೇರಿದವರು ೪೧೨ ಮಂದಿ, ಮಾಫಿ ಸಾಕ್ಷಿಗಳಾದವರು ೪೮೩ ಮಂದಿ. ನೇಣಿಗೆ ಹೋದವರಿಗಿಂತ ಹೇಳಿಕೆ ಕೊಟ್ಟು ಉಳಿದವರೇ ಹೆಚ್ಚೆಂಬುದು ಗಮನಿಸತಕ್ಕ ಸಂಗತಿ.

ಟೇಲರನ ಕಥಾನಾಯಕ ಅಮೀರ್ ಅಲಿಯು ಇಂಥದೊಬ್ಬ ಮಾಫಿ ಸಾಕ್ಷಿ. ಸೆರೆಮನೆಯಲ್ಲಿ ಹೆಸರಿಲ್ಲದ ಒಬ್ಬ ‘ಸಾಹೇಬ’ನ ಮುಂದೆ ಅವನು ತನ್ನ ಬಾಳಿನ ಕಥೆಯನ್ನು ಬಿಚ್ಚುತ್ತಾನೆ. ೭೧೯ ಕೊಲೆಗಳಲ್ಲಿ ತನ್ನ ಕೈಯಿತ್ತೆಂದು ಲೆಕ್ಕ ಕೊಡುತ್ತಾನೆ; ನಡುವೆ ಹನ್ನೆರಡು ವರ್ಷ ಸೆರೆಯಲ್ಲಿರದೆ ಇದ್ದಿದ್ದರೆ ಲೆಕ್ಕವು ಸಾವಿರವಾಗುತ್ತಿತ್ತೆಂದು ಹೇಳಲು ಅಳುಕುವುದಿಲ್ಲ. ತನ್ನ ಹೆತ್ತವರನ್ನು ಕೊಂದ ತಂಡದವನೇ ತನ್ನನ್ನು ಸಾಕಿದ್ದು, ತಾನು ಪಿಂಡಾರಿ ಚೀತುವಿನ ದಂಡನ್ನು ಸೇರಿದ್ದು, ಅರಿಯದೆ ಒಡಹುಟ್ಟಿದ ತಂಗಿಯನ್ನೇ ಕೊಂದದ್ದು, ಇವೆಲ್ಲ ಒಂದರ ಬೆನ್ನಿಗೆ ಒಂದು ಬರುತ್ತವೆ. ಹೈದರಾಬಾದು ನಗರವು, ಅದರ ಚಾರ್‌ಮಿನಾರು, ಹುಸೇನ್ ಸಾಗರಗಳೊಡನೆ, ಬಹು ಸ್ಫುಟವಾಗಿ ಚಿತ್ರಿತವಾಗಿದೆ. ದಾರಿಹೋಕರೊಡನೆ ಸ್ನೇಹ ಬೆಳೆಸುವುದು, ಹರಟೆಯಲ್ಲಿ ಮೈಮರೆಸುವುದು, ಸಂಕೇತದ ಮಾತು ಬಿದ್ದೊಡನೆ ರುಮಾಲು ಕೊರಳಿಗೆ ಬೀಳುವುದು, ಮೊದಲೇ ತೋಡಿದ ಗುಣಿಯಲ್ಲಿ ಹೆಣವನ್ನು ಮುಚ್ಚುವುದು: ಈ ಕ್ರಮವು ಮತ್ತೆ ಮತ್ತೆ ಬಂದರೂ ಓದುಗನಿಗೆ ಬೇಸರವಾಗದಂತೆ ಟೇಲರನು ಪ್ರತಿಸಲವೂ ಬಲಿಯ ಗುಣಸ್ವಭಾವವನ್ನು ಬೇರೆಯಾಗಿ ಕಂಡರಿಸಿದ್ದಾನೆ. ಮುಂದೇನಾಗುವುದೆಂದು ಓದುಗನಿಗೆ ಗೊತ್ತು, ಪ್ರಯಾಣಿಕನಿಗೆ ಗೊತ್ತಿಲ್ಲ. ಕಾದಂಬರಿಯ ಸೆಳೆತವೆಲ್ಲ ಇದರಲ್ಲಿದೆ.

ಈ ಕಥೆಯಲ್ಲಿ ತನಿಖೆಗಾರನು ಓಡಾಡುವುದಿಲ್ಲ, ಕುಳಿತು ಕೇಳುತ್ತಾನೆ. ಆಗೊಮ್ಮೆ ಈಗೊಮ್ಮೆ ಪ್ರಶ್ನೆಯಿಡುತ್ತಾನೆ, ಅಸಹ್ಯಪಡುತ್ತಾನೆ, ಮತ್ತೆ ಕೇಳುತ್ತಾನೆ. ಕಥೆಯ ಓಟವೆಲ್ಲ ಅಪರಾಧಿಯ ನಾಲಗೆಯದು. ಆ ನಾಲಗೆಗಾದರೋ ನಿಲ್ಲದಿರಲು ಪ್ರಬಲವಾದ ಕಾರಣವಿತ್ತು. ಅರೇಬಿಯದ ಇರುಳುಗಳ ಶಹರಜಾದಳಂತೆ ಮಾಫಿ ಸಾಕ್ಷಿಯೂ ಕಥೆ ಹೇಳಿ ಜೀವ ಉಳಿಸಿಕೊಳ್ಳುವವನು. ಹೇಳಿದ್ದು ಹೆಚ್ಚಾದಷ್ಟೂ, ಹೆಸರುಗಳು ಬೆಳೆದಷ್ಟೂ, ಅವನ ಬೆಲೆ ಏರುತ್ತಿತ್ತು. ಸಾಹೇಬನಿಗೆ ಬೇಕಾದದ್ದು ದೊಡ್ಡದೊಂದು ಸಂಚಿನ ಪತ್ತೆ. ಸೆರೆಯಾಳಿಗೆ ಬೇಕಾದದ್ದು ಪ್ರಾಣ. ಇವೆರಡರ ಕೂಡಿಕೆಯಿಂದ ಹುಟ್ಟಿದ ಹೇಳಿಕೆಯು ಪೂರ್ತಿ ಸುಳ್ಳೆಂದು ತಳ್ಳುವಂಥದಲ್ಲ, ಪೂರ್ತಿ ಸತ್ಯವೆಂದು ನಂಬುವಂಥದೂ ಅಲ್ಲ.

ಆಧುನಿಕ ಚರಿತ್ರಕಾರರ ಚರ್ಚೆಯೂ ಈ ಸುತ್ತಲೇ ನಡೆದಿದೆ. ೧೯೫೯ರಲ್ಲಿ ಹೀರಾಲಾಲ್ ಗುಪ್ತರು ಠಕ್ಕರ ಹಾವಳಿ ಬೆಳೆದುದಕ್ಕೂ ಕಂಪನಿಯ ಆಳ್ವಿಕೆಯಿಂದಾದ ಪಲ್ಲಟಕ್ಕೂ ಸಂಬಂಧ ಕಲ್ಪಿಸಿದರು. ೧೯೬೯ರಲ್ಲಿ ಸ್ಟೂಅರ್ಟ್ ಗಾರ್ಡನ್ನರು ಮಾಳವದ ಸಣ್ಣ ಒಡೆಯರು ಮತ್ತು ಲೂಟಿಗಾರರ ಹಿನ್ನೆಲೆಯಲ್ಲಿ ಇದನ್ನು ವಿವರಿಸಿದರು. ರಾಧಿಕಾ ಸಿಂಘರು ೧೯೯೮ರಲ್ಲಿ ಕಾಯಿದೆಯ ದೃಷ್ಟಿಯಿಂದ ಪರಿಶೀಲಿಸಿದರು. ಕಿಮ್ ವ್ಯಾಗ್ನರ್ ೨೦೦೭ರಲ್ಲಿ, ದಾರಿಗಳ್ಳರು ನಿಜವಾಗಿ ಇದ್ದರು, ಆದರೆ ಅವರನ್ನು ಒಂದು ವಿಚಿತ್ರ ಧರ್ಮಪಂಥವನ್ನಾಗಿ ಕಂಡದ್ದು ಆಳುವವರ ಕಲ್ಪನೆ ಎಂಬ ಮಧ್ಯಮಾರ್ಗವನ್ನು ಹಿಡಿದರು. ಕತ್ತು ಹಿಸುಕಿಸಿಕೊಂಡು ಸತ್ತವರಿದ್ದರೆಂಬುದನ್ನು ಯಾರೂ ಅಲ್ಲಗಳೆಯಲಾರರು. ಕೊಂದವರು ಯಾರು, ಎಷ್ಟು ಮಂದಿ, ಏಕೆ ಎಂಬುದರಲ್ಲಿ ವಾದವಿದೆ.

೪

ಚರಿತ್ರಕಾರರ ವಾದಕ್ಕೆ ಶತಮಾನ ಹಿಡಿಯಿತು. ಕಾದಂಬರಿಯು ಕೆಲವೇ ದಿನಗಳಲ್ಲಿ ಗೆದ್ದಿತು. ಅಚ್ಚಿನ ಕರಡು ತಿದ್ದಿದ ಹಾಗೆ ಹಾಳೆಗಳನ್ನು ತನಗೆ ಕಳಿಸಬೇಕೆಂದು ವಿಕ್ಟೋರಿಯಾ ರಾಣಿಯೇ ಅಪ್ಪಣೆ ಮಾಡಿದಳೆಂದು ಟೇಲರನು ಬರೆದಿದ್ದಾನೆ. ಫ್ರೆಂಚ್ ಕಾದಂಬರಿಕಾರ ಯೂಜೀನ್ ಸ್ಯೂ ೧೮೪೪ರಿಂದ ಧಾರಾವಾಹಿಯಾಗಿ ಪ್ರಕಟಿಸಿದ ‘ಅಲೆಮಾರಿ ಯೆಹೂದಿ’ ಎಂಬ ಗ್ರಂಥದಲ್ಲಿ ಠಕ್ಕನೊಬ್ಬನು ಪಾತ್ರವಾಗಿ ಬಂದನು. ೧೮೪೮ರಲ್ಲಿ ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ಸ್ಮಿತ್ ಸಂಸ್ಥೆಯ ಪುಸ್ತಕದಂಗಡಿ ತೆರೆದ ಮೇಲೆ ಪ್ರಯಾಣದ ಓದು ಎಂಬುದೇ ಒಂದು ವ್ಯಾಪಾರವಾಯಿತು. ೧೮೬೮ರಲ್ಲಿ ಬಂದ ವಿಲ್ಕಿ ಕಾಲಿನ್ಸನ ‘ಮೂನ್‌ಸ್ಟೋನ್’ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಲ್ಲಿ ಆದ್ಯವೆನಿಸಿದೆ. ಅದರ ಕಥೆಯೂ ಮೊದಲಾಗುವುದು ೧೭೯೯ರ ಶ್ರೀರಂಗಪಟ್ಟಣದ ಲೂಟಿಯಿಂದ, ಅಲ್ಲಿ ಸೈನ್ಯಾಧಿಕಾರಿಯೊಬ್ಬನು ಮಾಡಿದ ಕೊಲೆಯಿಂದ. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹರಿಯಿತು. ೧೮೮೮ರಲ್ಲಿ ಅಲಹಾಬಾದಿನ ವೀಲರ್ ಸಂಸ್ಥೆಯವರು ಕಿಪ್ಲಿಂಗನ ಕಥೆಗಳನ್ನು ರೈಲ್ವೆ ಮಾಲೆಯಾಗಿ ತಂದರು. ಹೀಗೆ ದಕ್ಷಿಣದ ದಾರಿಗಳಲ್ಲಿ ಪ್ರಯಾಣಿಕರ ಸಾವಿನಿಂದ ಹುಟ್ಟಿದ ಕಥೆಯ ವಂಶವು ಪ್ರಯಾಣಿಕರ ಮನರಂಜನೆಯಾಗಿ ಅದೇ ದಾರಿಗಳಿಗೆ ಹಿಂದಿರುಗಿತು.

ಮನರಂಜನೆಯಿಂದ ಯಾರಿಗೂ ಕೇಡಿಲ್ಲವೆಂಬುದು ಸಾಮಾನ್ಯವಾದ ನಂಬಿಕೆ. ಆದರೆ ಹುಟ್ಟಿನಿಂದಲೇ ಅಪರಾಧಿಗಳಾದ ಜನರಿದ್ದಾರೆ ಎಂಬ ಭಾವನೆಯನ್ನು ಓದುಗರ ಮನಸ್ಸಿನಲ್ಲಿ ನೆಡುವುದರಲ್ಲಿ ಇಂಥ ಬರಹಗಳ ಪಾಲು ಸಣ್ಣದಲ್ಲ. ಕೃತ್ಯಕ್ಕೆ ಬದಲು ತಂಡದ ಸಂಬಂಧವನ್ನೇ ಅಪರಾಧವಾಗಿಸಿದ ೧೮೩೬ರ ಕಾಯಿದೆಯ ತರ್ಕವು ೧೮೭೧ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಲ್ಲಿ ಇಡೀ ಜಾತಿಗಳ ಮೇಲೆ ಬಿದ್ದಿತು. ಮುಂಬಯಿ ಸರ್ಕಾರವು ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಬೇಲಿಯೊಳಗಿನ ವಸತಿಗಳನ್ನು ಏರ್ಪಡಿಸಿ ಕುಟುಂಬ ಕುಟುಂಬಗಳನ್ನೇ ಹಾಜರಿ ಪುಸ್ತಕಕ್ಕೆ ಬರೆಯಿತು. ಆ ಕಾಯಿದೆಯು ರದ್ದಾದುದು ೧೯೫೨ರಲ್ಲಿ. ಹುಬ್ಬಳ್ಳಿಯ ‘ಸೆಟ್ಲಮೆಂಟು’ ಎಂಬ ಬಡಾವಣೆಯ ಹೆಸರು ಅದರ ನೆನಪನ್ನು ಉಳಿಸಿಕೊಂಡಿದೆ.

೫

ರಜೆಯಿಂದ ಹಿಂದಿರುಗಿದ ಟೇಲರನು ೧೮೪೧ರಲ್ಲಿ ಸುರಪುರಕ್ಕೆ ಹೋದನು. ಔರಂಗಜೇಬನ ಕೊನೆಯ ಮುತ್ತಿಗೆಯನ್ನು ೧೭೦೫ರಲ್ಲಿ ವಾಗಿನಗೇರಾದಲ್ಲಿ ಎದುರಿಸಿದ ಬೇಡ ನಾಯಕರ ಸಂಸ್ಥಾನವದು. ರಾಜ ಕೃಷ್ಣಪ್ಪನಾಯಕನು ತೀರಿಕೊಂಡಿದ್ದನು; ರಾಣಿ ಈಶ್ವರಮ್ಮನಿಗೂ ರಾಜಬಂಧುಗಳಿಗೂ ಅಧಿಕಾರದ ಜಗಳ ಎದ್ದಿತ್ತು; ಮಗ ವೆಂಕಟಪ್ಪನಾಯಕನು ಚಿಕ್ಕವನು. ಟೇಲರನು ಸಂಸ್ಥಾನದ ಹಣಕಾಸನ್ನು ಸರಿಪಡಿಸಿದನು. ಗುಡ್ಡದ ಮೇಲೆ ‘ಟೇಲರ್ ಮಂಜಿಲ್’ ಎಂಬ ಬಂಗಲೆಯನ್ನು ಕಟ್ಟಿಸಿದನು. ರಾಜನಕೋಳೂರಿನ ಶಿಲಾಸಮಾಧಿಗಳನ್ನು ಕುರಿತು ವಿದ್ವತ್ಪೂರ್ಣವಾದ ಲೇಖನಗಳನ್ನು ಬರೆದನು. ಬಾಲರಾಜನು ಆತನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. ಸುರಪುರದ ಚರಿತ್ರೆಗೆ ಟೇಲರನಿಂದಾದ ಉಪಕಾರವನ್ನು ಮರೆಯುವಂತಿಲ್ಲ.

೧೮೫೮ರ ಫೆಬ್ರವರಿಯಲ್ಲಿ ಸುರಪುರವು ಬ್ರಿಟಿಷರ ವಿರುದ್ಧ ಎದ್ದಿತು. ದಂಗೆಯು ಮುರಿದುಬಿದ್ದ ಮೇಲೆ ವೆಂಕಟಪ್ಪನಾಯಕನು ಹೈದರಾಬಾದಿಗೆ ಬಂದು ಸಿಕ್ಕಿಬಿದ್ದನು. ದಿವಾನ ಸಾಲಾರ್ ಜಂಗನು ಅವನನ್ನು ರೆಸಿಡೆಂಟನಿಗೆ ಒಪ್ಪಿಸಿದನು. ಆಗ ಸೆರೆಯಾಳಿನ ಬಾಯಿ ಬಿಡಿಸಲು ಟೇಲರನೇ ಹೋಗಬೇಕಾಯಿತು. ಇಪ್ಪತ್ತು ವರ್ಷಗಳ ಹಿಂದೆ ಆತನು ಕಲಿತಿದ್ದ ವಿದ್ಯೆಯೇ ಅದು: ಸೆರೆಯಲ್ಲಿರುವವನ ಮುಂದೆ ಕುಳಿತು ಹೆಸರುಗಳನ್ನು ಕೇಳುವುದು, ಹೇಳಿದರೆ ದಯೆಗೆ ಅವಕಾಶವುಂಟೆಂದು ಸೂಚಿಸುವುದು. ನಡೆದುದನ್ನು ಟೇಲರನ ಆತ್ಮಕಥೆಯೇ ತಿಳಿಸುತ್ತದೆ. ತರುಣ ರಾಜನು ಪ್ರೇರಕರ ಹೆಸರುಗಳನ್ನು ಕೊಡಲು ಒಪ್ಪಲಿಲ್ಲ. ಹೇಡಿಯಂತೆ ಪ್ರಾಣಭಿಕ್ಷೆ ಬೇಡಲಾರೆನೆಂದನು. ಕಳ್ಳನಂತೆ ನೇಣು ಹಾಕಬಾರದು, ತೋಪಿನ ಬಾಯಿಗೆ ಕಟ್ಟಲಿ ಎಂದನು. ಮರಣದಂಡನೆಯು ದ್ವೀಪಾಂತರಕ್ಕೆ ಇಳಿದು, ಗವರ್ನರ್ ಜನರಲನ ಆಜ್ಞೆಯಿಂದ ನಾಲ್ಕು ವರ್ಷಗಳ ಸೆರೆಗೆ ಬಂದಿತು. ಆದರೆ ಚೆಂಗಲ್‌ಪಟ್ಟಿಗೆ ಒಯ್ಯುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ರಿವಾಲ್ವರಿನಿಂದ ಹಾರಿದ ಗುಂಡಿಗೆ ರಾಜನು ಬಲಿಯಾದನು. ಅದು ಆಕಸ್ಮಿಕವೋ ಆತ್ಮಹತ್ಯೆಯೋ ಎಂಬ ಸಂದೇಹ ಉಳಿಯಿತು. ೧೮೬೦ರಲ್ಲಿ ಸಂಸ್ಥಾನವು ನಿಜಾಮನ ಕೈಸೇರಿತು.

ಅಮೀರ್ ಅಲಿಯನ್ನೂ ವೆಂಕಟಪ್ಪನಾಯಕನನ್ನೂ ಅಕ್ಕಪಕ್ಕ ಇರಿಸಿ ನೋಡಿದಾಗ ಟೇಲರನ ಬರಹದ ಬಲವೂ ಮಿತಿಯೂ ಒಟ್ಟಿಗೆ ಕಾಣುತ್ತವೆ. ಎಲ್ಲವನ್ನೂ ಹೇಳಿದವನಿಗೆ ಮೂರು ಸಂಪುಟಗಳು ದೊರೆತುವು. ಏನನ್ನೂ ಹೇಳದವನಿಗೆ ಆತ್ಮಕಥೆಯ ಕೆಲವು ಪುಟಗಳು. ಮೌನದಿಂದ ತುಂಬದ ಜಾಗವನ್ನು ಟೇಲರನು ಕಾದಂಬರಿಕಾರನ ರೀತಿಯಲ್ಲಿ ತುಂಬಿದ್ದಾನೆ. ರಾಜನು ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಸಾಯುವನೆಂದು ಜಾತಕದಲ್ಲಿ ಬರೆದಿತ್ತು, ಅದು ತನಗೂ ಇನ್ನು ಕೆಲವರಿಗೂ ಮಾತ್ರ ತಿಳಿದಿತ್ತು ಎಂಬ ಪ್ರಸಂಗವು ಬಹು ರೋಮಾಂಚಕವಾಗಿದೆ. ರಾಜನು ಏಕೆ ದಂಗೆಯೆದ್ದನು, ಜೊತೆಗೆ ಯಾರಿದ್ದರು ಎಂಬುದಕ್ಕೆ ಅದು ಉತ್ತರವಲ್ಲ. ದುಶ್ಶೀಲನಾದ ಹುಡುಗ, ಕೆಟ್ಟ ಸಹವಾಸ, ವಿಧಿ: ಇವು ಟೇಲರನು ಕೊಡುವ ಕಾರಣಗಳು. ಸ್ನೇಹ ನಿಜವಾದದ್ದು, ದುಃಖವೂ ನಿಜವಾದದ್ದೇ. ಹಾಗಿದ್ದರೂ ಪ್ರಶ್ನೆ ಕೇಳಿದವನು, ಉತ್ತರ ಬರೆದುಕೊಂಡವನು, ತೀರ್ಪು ಹೇಳಿದವನು ಒಬ್ಬನೇ ಎಂಬುದನ್ನು ಸುರಪುರದ ಚರಿತ್ರೆ ಬರೆಯುವವರು ಮರೆಯಬಾರದು.

೬

ಇನ್ನೊಂದು ಪಕ್ಷದ ಮಾತನ್ನು ಎಲ್ಲಿ ಹುಡುಕಬೇಕು? ಕಂಪನಿಯ ಇಂಗ್ಲಿಷ್ ಕಡತಗಳು ದೆಹಲಿ, ಲಂಡನ್ನುಗಳಲ್ಲಿವೆ. ನಿಜಾಮ ಸರ್ಕಾರದ ದಫ್ತರಗಳಾದರೋ ಹೈದರಾಬಾದಿನ ತಾರ್ನಾಕದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಶೇಖರವಾಗಿವೆ. ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬದಿಯ ಈ ಬಡಾವಣೆಗೆ ತಂತಿಬೇಲಿಯ ನಾಕೆಯಿಂದ ಹೆಸರು ಬಂದಿತೆಂದು ಹೇಳುವುದು ವಾಡಿಕೆ. ಷಹಜಹಾನ್, ಔರಂಗಜೇಬರ ಕಾಲದ ದಖ್ಖಣದ ಕಾಗದಪತ್ರಗಳಿಂದ ಹಿಡಿದು ಸಂಸ್ಥಾನದ ಕೊನೆಯ ದಿನಗಳವರೆಗಿನ ದಾಖಲೆಗಳು ಅಲ್ಲಿವೆ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ೧೯೫೬ರ ನವೆಂಬರ್ ೧ರವರೆಗೆ ಹೈದರಾಬಾದಿಗೆ ಸೇರಿದ್ದುವಾದಕಾರಣ ಆ ಸೀಮೆಯ ಕನ್ನಡಿಗರ ಹಳೆಯ ಆಡಳಿತಚರಿತ್ರೆಯ ಬಹುಭಾಗ ಈ ಫಾರಸಿ, ಉರ್ದು ಬರಹಗಳಲ್ಲಿ ಅಡಗಿದೆ.

ಅದನ್ನು ಓದುವ ಶಕ್ತಿ ಒಂದು ಕಾಲಕ್ಕೆ ಕನ್ನಡಿಗರಲ್ಲಿ ಧಾರಾಳವಾಗಿತ್ತು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾದಲ್ಲಿ ಉರ್ದುವೇ ಬೋಧನಭಾಷೆಯಾಗಿತ್ತು. ಅಲ್ಲಿ ಕಲಿತ ಕನ್ನಡಿಗರು ಕಚೇರಿಯ ಉರ್ದುವನ್ನು ನೀರು ಕುಡಿದಷ್ಟು ಸುಲಭವಾಗಿ ಓದಬಲ್ಲವರಾಗಿದ್ದರು. ಆ ತಲೆಮಾರು ಸರಿದುಹೋಗಿದೆ. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ಕನ್ನಡ ಮಕ್ಕಳಿಗೆ ಉರ್ದುವಿನ ಮಾತು ಕಿವಿಗೆ ಪರಿಚಿತ, ಲಿಪಿ ಅಪರಿಚಿತ. ಕನ್ನಡ ನಾಡಿನಲ್ಲಿರುವ ಸಂಶೋಧಕನಿಗೆ ಲಿಪಿಯೂ ದೂರ, ಪತ್ರಾಗಾರವೂ ದೂರ. ಈ ಎರಡರ ನಡುವೆ ನಿಂತಿರುವ ಹೈದರಾಬಾದಿನ ಕನ್ನಡಿಗರಲ್ಲಿ ಹತ್ತು ಮಂದಿ ತರುಣರಾದರೂ ಆ ಲಿಪಿಯನ್ನು ಕಲಿತು, ಸುರಪುರಕ್ಕೆ ಸಂಬಂಧಿಸಿದ ಕಾಗದಗಳನ್ನು ಮೊದಲು ಪಟ್ಟಿಮಾಡಿ, ಅನಂತರ ಕನ್ನಡಕ್ಕೆ ತರುವ ಕಾರ್ಯವನ್ನು ಕೈಗೊಂಡರೆ, ಟೇಲರನ ಮಾತನ್ನು ಒರೆಗೆ ಹಚ್ಚುವುದಕ್ಕೆ ಆಧಾರ ದೊರೆಯುವುದು.

ಟೇಲರನು ೧೮೭೬ರಲ್ಲಿ ಫ್ರಾನ್ಸಿನ ಮೆಂತೋನಿನಲ್ಲಿ ತೀರಿಕೊಂಡನು. ಆತ್ಮಕಥೆಯು ಅಚ್ಚಾದುದು ಮರುವರ್ಷ. ಆತನ ಠಕ್ಕ ಕಾದಂಬರಿ ಮತ್ತೆ ಮತ್ತೆ ಮುದ್ರಣವಾಗಿದೆ, ಓದುಗರನ್ನು ರಂಜಿಸುತ್ತಲೇ ಇದೆ. ರಜೆಯಲ್ಲಿ ಅದನ್ನು ಕೈಗೆತ್ತಿಕೊಳ್ಳುವವರು ಸಂತೋಷದಿಂದ ಓದಲಿ. ಅಷ್ಟರಮಟ್ಟಿಗೆ ಅದು ಯೋಗ್ಯವಾದ ಪುಸ್ತಕ. ಸೆರೆಯಾಳು ಯಾವ ಬೆಲೆಗೆ ಮಾತಾಡಿದನೆಂಬ ಪ್ರಶ್ನೆಯನ್ನು ಓದುತ್ತಲೇ ಹಾಕಿಕೊಳ್ಳುವುದು ಚರಿತ್ರೆಯ ವಿದ್ಯಾರ್ಥಿಯ ಕೆಲಸ. ಮಾತಾಡಲು ಒಪ್ಪದವನ ಕಾಗದಗಳನ್ನು ಹುಡುಕುವ ಕೆಲಸವು ಹೈದರಾಬಾದಿನ ಕನ್ನಡಿಗರಿಗಾಗಿ ಕಾದಿದೆ.